ಒಡೆದ ಗೋಡೆಯ ದಾರಿ

ಮಾರ್ಚ್ ೧೪, ಮಂಗಳವಾರ

ಆ ಗೋಡೆ ತಲೆಯಿಂದ ಹೋಗ್ತಾನೇ ಇಲ್ಲ. ಬಡಾವಣೆಯ ಸರ್ವೆ ಮಾಡಿದ ದಿನ ರಿಪೇರಿ ಪಟ್ಟಿಯಲ್ಲಿ 'ಗೋಡೆ ಒಡೆದಿದೆ' ಅಂತ ಬರೆದವಳು ನಾನೇ. ಇವತ್ತು ಮೇಸ್ತ್ರಿ ಆ ಸಂದನ್ನ ನೀಟಾಗಿ ಮುಚ್ಚಿಬಿಟ್ಟಿದ್ದಾನೆ. ಅವನದೇನು ತಪ್ಪು, ಪಟ್ಟಿ ನೋಡಿ ಕೆಲಸ ಮಾಡಿದ.

ಸಂಜೆ ಆ ಬೀದಿಯಲ್ಲಿ ಬಟ್ಟೆ ಹೊಲಿಯೋ ಅಕ್ಕ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋದರು. ಜಗಳ ಆಡಲಿಲ್ಲ. "ಅದು ತಾನಾಗಿ ಬಿದ್ದಿದ್ದಲ್ಲಮ್ಮ, ನಾವೇ ಸೇರಿ ಒಡೆದಿದ್ದು. ಇದರಲ್ಲಿ ದಾಟಿದರೆ ಆಸ್ಪತ್ರೆ ಐದೇ ನಿಮಿಷ ಆಗ್ತಿತ್ತು. ಇನ್ನು ನಮ್ಮತ್ತೆ ಮೇನ್ ರೋಡೆಲ್ಲ ಸುತ್ತಿ ಹೋಗ್ಬೇಕು." ಪಕ್ಕದಲ್ಲೇ ಅವರತ್ತೆ ಊರುಗೋಲು ಹಿಡಿದು ಹಸಿ ಗಾರೆಯನ್ನೇ ನೋಡ್ತಾ ನಿಂತಿದ್ದರು.

ಈ ಹಾಳುಬಿದ್ದ ಬೀದಿಗಳನ್ನ ಒಂದಕ್ಕೊಂದು ಜೋಡಿಸೋಕೆ ನಾಲ್ಕು ತಿಂಗಳಿಂದ ನಕ್ಷೆ ಬರೀತಿದ್ದೀನಿ. ಅವರು ಜೋಡಿಸಿಕೊಂಡಿದ್ದನ್ನೇ ಮುಚ್ಚಿಸಿದೆ.

ಅದನ್ನ ಮತ್ತೆ ತೆಗೆಸೋಣ ಅಂತ ನಮ್ಮ ಆಫೀಸಿನ ಸಾಹೇಬರಿಗೆ ಫೋನ್ ಮಾಡಿದರೆ, "ಅರ್ಜಿ ಬರೆದುಕೊಡಿ, ಮುಂದಿನ ಮೀಟಿಂಗಲ್ಲಿ ನೋಡೋಣ" ಅಂದರು. ಮೇಸ್ತ್ರಿ ಮಾತ್ರ ಹೊರಡುವಾಗ ಎತ್ತಲೋ ನೋಡ್ತಾ ಹೇಳಿದ, "ಬೆಳಿಗ್ಗೆವರೆಗೂ ಗಾರೆ ಗಟ್ಟಿಯಾಗಲ್ಲ ಮೇಡಂ."

ಸಾಕಾಗಿದೆ. ಕಾಲು ಸೆಳೀತಿದೆ. ಮಲಗೋಣ ಅಂತ ಲೈಟ್ ಆರಿಸಿ, ಮತ್ತೆ ಹಾಕಿದೆ. ಚಪ್ಪಲಿ ಮೆಟ್ಟಿಕೊಂಡೇ ಇದನ್ನ ಬರೀತಿದ್ದೀನಿ. ಅಮ್ಮನ್ನ ಎಬ್ಬಿಸಿದರೆ ಯಾಕೆ ಅಂತ ನೂರು ಸಲ ಕೇಳ್ತಾಳೆ. ಸುತ್ತಿಗೆ ಎಲ್ಲಿಟ್ಟಿದ್ದಾಳೋ