ಮೂರನೆಯ ಪ್ರಶ್ನೆ

ಕಂಪ್ಲಿ
18 ಜನವರಿ 2025, ಶನಿವಾರ

ಗೆಳತಿ ಪ್ರಿಯಂವದಾಳಿಗೆ,

ಕಂಪ್ಲಿಯ ಅಕ್ಕಿ ಗಿರಣಿಯ ಯಜಮಾನಿ, ಇಪ್ಪತ್ತಾರು ಜನರಿಗೆ ಕೆಲಸ ಹೇಳುವವಳು, ಎದುರು ಮಾತು ಕೇಳಿ ಅಭ್ಯಾಸವಿಲ್ಲದ ಸುವರ್ಣಮ್ಮ ಬರೆಯುತ್ತಿದ್ದೇನೆ. ಜಂಬಕ್ಕೆ ಹೇಳಿಕೊಂಡದ್ದಲ್ಲ. ಇಂಥವಳು ತಪ್ಪು ಒಪ್ಪಿಕೊಳ್ಳುವಾಗ ಕೈ ಎಷ್ಟು ತಡೆಯುತ್ತದೆಂದು ನಿನಗೆ ತಿಳಿಯಲಿ. ನಿನ್ನ ಕಾಗದ ದೀಪಾವಳಿಗೇ ಬಂದಿತ್ತು. ಸುಗ್ಗಿಯ ನೆಪ ಹೇಳಬಹುದು, ಹೇಳುವುದಿಲ್ಲ. ಕ್ಷಮಿಸು. ಮೊಣಕಾಲು ಹೇಗಿದೆ? ಹೊಸಪೇಟೆಯ ಆ ಮೂರನೇ ಮಹಡಿ ಬಿಟ್ಟು ಕೆಳಗಿನ ಮನೆ ನೋಡು ಎಂದರೆ ನೀನು ಕೇಳುವವಳಲ್ಲ.

ನನ್ನ ಸೊಸೆ ಪೂಜಿತಾಳನ್ನು ನೀನು ಮದುವೆಯಲ್ಲಿ ನೋಡಿದ್ದೆ, ಹಂಪೇಶನ ಹೆಂಡತಿ, ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ನಿಮ್ಮೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಗಿರಣಿಯ ಮೇಲಿನ ಕೋಣೆಯಲ್ಲಿ ಅವಳು ಕೀಲಿ ಒತ್ತುವ ಸದ್ದು ಕೇಳಿದಾಗಲೆಲ್ಲ ನಮ್ಮ ಟೈಪಿಂಗ್ ಕ್ಲಾಸು ನೆನಪಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಇಬ್ಬರೂ ಆ ಮಾಳಿಗೆ ಹತ್ತುತ್ತಿದ್ದೆವಲ್ಲ? ವ್ಯಾಸರಾಜ ಮಾಸ್ತರರು ನಮ್ಮ ಕೈಯ ಮೇಲೆ ಕರವಸ್ತ್ರ ಹೊದಿಸಿ, "ಕಣ್ಣು ಎದುರಿಗೆ, ಸುವರ್ಣಾ! ಕೀಲಿ ನೋಡಬ್ಯಾಡ!" ಎನ್ನುತ್ತಿದ್ದರು. ನಿನ್ನ ಯಂತ್ರದಲ್ಲಿ ಒಂದು ಅಕ್ಷರ ಮುರಿದಿತ್ತು, ನೀನು ಅದನ್ನು ಪೆನ್ನಿನಿಂದ ತುಂಬುತ್ತಿದ್ದೆ. ಮಸಿ ಹತ್ತಿದ ಬೆರಳಿನಿಂದಲೇ ಕೆಳಗಿನ ಅಂಗಡಿಯ ಮಿರ್ಚಿ ತಿನ್ನುತ್ತಿದ್ದೆವು. ಪರೀಕ್ಷೆಗೆ ಹದಿನೈದು ದಿನ ಇರುವಾಗ ನನ್ನ ಮದುವೆಯಾಯಿತು. ಆ ಮದುವೆಯಲ್ಲಿ ನೀನು ಕಟ್ಟಿಕೊಟ್ಟ ಒಡಪಿನ ಪದ್ಯದೊಳಗೆ ಒಮ್ಮೆ ನಮ್ಮ ಯಜಮಾನರ ಹೆಸರು ಹೇಳಿದ್ದೇ ಕೊನೆ.

ಸುದ್ದಿಗೆ ಬರುತ್ತೇನೆ. ಓದು ಬಾರದ ಹೆಂಗಸರು ಬಾಯಲ್ಲಿ ಹೇಳಿದರೆ ಆರೋಗ್ಯ ತಪಾಸಣೆಯ ಅರ್ಜಿಯನ್ನು ತಾನೇ ತುಂಬಿಕೊಳ್ಳುವ ಒಂದು ಆ್ಯಪನ್ನು ಪೂಜಿತಾ ಮಾಡಿದ್ದಾಳೆ. ಫೋನು ಕೇಳುತ್ತದೆ: ಹೆಸರು? ಊರು? ಗಂಡನ ಹೆಸರು? ಶುಕ್ರವಾರದೊಳಗೆ ಅದನ್ನು ಸರಿಯಾಗಿ ನಡೆಸಿ ತೋರಿಸದಿದ್ದರೆ ಅವಳ ಕೆಲಸ ಹೋಗುತ್ತದೆಂದು ಕಂಪನಿಯವರು ಖಂಡಿತವಾಗಿ ಹೇಳಿದ್ದರು. ಹೋದ ಶನಿವಾರ ನಮ್ಮ ಅಂಗಳದಲ್ಲಿ ಕೆಲಸ ಮಾಡುವ ಹೆಂಗಸರ ಕೈಗೇ ಫೋನು ಕೊಟ್ಟು ನೋಡಿದಳು. ಮೊದಲೆರಡು ಪ್ರಶ್ನೆ ಸರಿ. ಮೂರನೆಯದಕ್ಕೆ ಹೆಚ್ಚಿನವರದು ಖಾಲಿ. ಖಾಲಿ ಇಲ್ಲದಲ್ಲಿ ಇನ್ನೂ ಚೆಂದ: ಕೊಟ್ರಬಸಮ್ಮನ ಗಂಡನ ಹೆಸರು 'ನಮ್ಮ ಮನ್ಯಾಗಿನವ್ರು', ಉಚ್ಚೆಂಗಮ್ಮನ ಗಂಡನ ಹೆಸರು 'ಲಂಕಾ ಸುಟ್ಟಾವ'.

ಆ್ಯಪಿಗೆ ಕಿವಿ ಸರಿಯಿಲ್ಲ ಎಂದುಕೊಂಡಳು ಪೂಜಿತಾ. ಅದರಲ್ಲಿ ದನಿ ಉಳಿಯುವುದಿಲ್ಲವಂತೆ, ಅಕ್ಷರ ಮಾತ್ರ ಉಳಿಯುತ್ತದಂತೆ. ಬೇರೆ ಬೇರೆ ಮೈಕು ತರಿಸಿದಳು. ಸದ್ದಿಗೆ ಹೀಗಾಗುತ್ತದೆ ಎಂದು ಅರ್ಧ ಗಂಟೆ ಗಿರಣಿಯನ್ನೇ ನಿಲ್ಲಿಸಿದಳು. ಬರೆದದ್ದನ್ನು ಅಳಿಸುವುದು, ಮತ್ತೆ ಬರೆಯುವುದು. ಸಂಕ್ರಮಣದ ಸಜ್ಜೆ ರೊಟ್ಟಿ ಅವಳ ತಟ್ಟೆಯಲ್ಲೇ ಸೆಟೆದುಕೊಂಡಿತು.

ನನಗೆ ಮೊದಲ ದಿನವೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಹೊಸ ವರ್ಷದ ಮರುದಿನದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅಂದು ಅವಳು ಮೇಲಿನ ಕಿಟಕಿಯಿಂದ "ಹಂಪೇಶ್!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ್ದಳು. ನಾನು ಎಲ್ಲರ ಎದುರಿಗೇ, "ಗಂಡನ ಹೆಸರು ಹಿಡಿದು ಕೂಗ್ತೀ ಏನ? ಇದು ನಿಮ್ಮ ದೋಣಿಮಲೈ ಕ್ವಾರ್ಟರ್ಸ್ ಅಲ್ಲ. ಇನ್ನೊಮ್ಮೆ ಹಂಗ ಕರದ್ಯೋ, ಆ ಕಂಪ್ಯೂಟರ್ ಗಂಟು ಕಟ್ಕಂಡು ತವರಿಗೆ ನಡಿ" ಎಂದೆ. ಇದು ಅತ್ತೆಯ ಸಿಟ್ಟು ಎಂದುಕೊಂಡಳೇ ಹೊರತು, ಇಲ್ಲಿಯ ಹೆಂಗಸರೆಲ್ಲರ ರೂಢಿ ಎಂದು ಅವಳಿಗೆ ಹೊಳೆಯಲಿಲ್ಲ. ಅಂದಿನಿಂದ ಗಂಡನನ್ನು ಊಟಕ್ಕೆ ಕರೆಯುವುದೂ ಫೋನಿನ ಮೆಸೇಜಿನಲ್ಲಿ, ಒಂದೇ ಮನೆಯೊಳಗೆ!

ಗುರುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಲ್ಯಾಪ್‌ಟಾಪು ತೊಡೆಯಲ್ಲಿಟ್ಟುಕೊಂಡು ಅಳುತ್ತಿದ್ದಳು. ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತೆ.

"ಅದನ್ಯಾಕ ಬಡೀತಿ? ನಿನ್ನ ಯಂತ್ರ ಚಲೋ ಐತಿ. ಅವ್ರು ಹೇಳೇ ಇಲ್ಲ."

"ಹೇಳಿಲ್ಲ ಅಂದ್ರ ಏನ್ರೀ ಅತ್ತಿ?"

"ಗಂಡನ ಹೆಸರು ಯಾರು ಬಾಯಿಬಿಟ್ಟು ಹೇಳ್ತಾರ? ಉಚ್ಚೆಂಗಿ ಗಂಡ ಹನುಮಂತಪ್ಪ. ಲಂಕಾ ಯಾರು ಸುಟ್ರು?"

ಒಂದು ಗಳಿಗೆ ನನ್ನ ಮುಖ ನೋಡಿದಳು. ಅಳುವಿನ ನಡುವೆಯೇ ನಗು ಉಕ್ಕಿತು. "ಅಯ್ಯೋ ಶಿವನೇ! ನಾನು ಮೂರು ಮೈಕ್ ಬದಲಿ ಮಾಡೀನ್ರೀ!" ಆಮೇಲೆ ನಗು ನಿಂತಿತು. "ನಿಮಗ ಯಾವಾಗ ಗೊತ್ತಾತ್ರೀ?"

"ಶನಿವಾರನ."

ಅವಳು ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಿದಳು: 'ಪಕ್ಕದವರ ಕೈಗೆ ಫೋನು ಕೊಡಿ, ಅವರು ಹೇಳಲಿ.' ಸಂಜೆ ಉಚ್ಚೆಂಗಮ್ಮ ಫೋನನ್ನು ಬಾಯಿಗೇ ಹಿಡಿದು, "ಕೊಟ್ರಬಸಿ ಗಂಡ ಯಲ್ಲೇಶಾ! ಬರ್ಕಳಪ್ಪ, ಯಲ್ಲೇಶಾ!" ಎಂದಳು.

"ಮೆಲ್ಲಗ ಅನ್ನಲೇ," ಎಂದಳು ಕೊಟ್ರಬಸಮ್ಮ, "ನಾನ ಕರದೆ ಅಂತ ಓಡಿ ಬಂದಾನು!"

ಅಂಗಳವೆಲ್ಲ ನಗೆ. ಎಲ್ಲ ಹೆಸರುಗಳೂ ಸರಿಯಾಗಿ ಮೂಡಿದವು. ಮರುದಿನ ಕಂಪನಿಯವರು ಒಪ್ಪಿದರು, ಪೂಜಿತಾಳ ಕೆಲಸ ಉಳಿಯಿತು. ಐದು ದಿನ ನಾನು ಸುಮ್ಮನಿದ್ದು ಅವಳನ್ನು ಅಳಿಸಿದ್ದು ಮಾತ್ರ ಉಳಿದೇ ಇದೆ.

ನಿನ್ನ ಮೊಮ್ಮಗ ಅಭಯನಿಗೆ ನೂರು ವರ್ಷ ಆಯುಸ್ಸಿರಲಿ, ನಿನ್ನ ಮನೆ ತಂಪಾಗಿರಲಿ. ಹೊಸ ಅಕ್ಕಿ ಕಳಿಸುತ್ತೇನೆ.

ಇಂತಿ ನಿನ್ನ
ಸುವರ್ಣಾ

ತಾ.ಕ.: ಸೊಸೆಯನ್ನು ಬೈದದ್ದು ಮನೆತನದ ಮರ್ಯಾದೆಗೆ ಎಂದು ನೀನು ತಿಳಿದಿರುತ್ತೀ. ಅಲ್ಲ, ಪ್ರಿಯಾ. ನಮ್ಮ ಯಜಮಾನರು ತೀರಿಹೋದ ದಿನ ನಾನು ಗಿರಣಿಯ ಬಾಗಿಲಲ್ಲೇ ನಿಂತಿದ್ದೆ. ಲಾರಿ ಹಿಂದಕ್ಕೆ ಬರುತ್ತಿತ್ತು, ಅವರು ಅದಕ್ಕೆ ಬೆನ್ನು ಮಾಡಿ ಭತ್ತ ನೋಡುತ್ತಿದ್ದರು. ನಾನು "ಏನ್ರೀ! ಏನ್ರೀ!" ಎಂದು ಕೂಗಿದೆ. ಅಂಗಳದಲ್ಲಿದ್ದ ನಾಲ್ಕು ಗಂಡಸರು ನನ್ನ ಕಡೆ ತಿರುಗಿದರು. ಅವರೊಬ್ಬರೇ ತಿರುಗಲಿಲ್ಲ. ಹೆಸರು ನಾಲಿಗೆಯವರೆಗೆ ಬಂದಿತ್ತು, ಅಷ್ಟು ಜನರ ಎದುರಿಗೆ ಹೇಗೆ ಎಂದು ನಿಂತುಬಿಟ್ಟಿತು. ಹನ್ನೊಂದು ವರ್ಷ ಯಾರಿಗೂ ಹೇಳಿಲ್ಲ. ಪೂಜಿತಾ ಕೂಗಿದಾಗ, ಗಿರಣಿಯ ಅಷ್ಟು ಸದ್ದಿನಲ್ಲೂ ನನ್ನ ಮಗ ಥಟ್ಟನೆ ತಿರುಗಿದ. ಅದನ್ನು ನೋಡಲಾರದೆ ಅವಳನ್ನು ಬೈದೆ.

ನಿನ್ನೆ ಸಂಜೆ ಕೆಲಸದವರೆಲ್ಲ ಇರುವಾಗಲೇ ಅವಳನ್ನು ಅಂಗಳಕ್ಕೆ ಕರೆಸಿ, "ಅವತ್ತು ನಾ ಅಂದಿದ್ದು ತಪ್ಪವ್ವಾ. ಗಂಡನ್ನ ಹೆಸರು ಹಿಡಿದೇ ಕರಿ. ಗಟ್ಟಿಯಾಗಿ ಕರಿ" ಎಂದೆ. ಅವಳು ಕರೆದಳು.