ಮಗಳ ಹಂದರ ತಿಂದ ಆನೆಗಳ ಪರವಾಗಿ

ನಮ್ಮ ಗುಡ್ಡದ ಕಾಡಿಗೆ ಯಜಮಾನರಾಗಿರುವ ಅರಣ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಆನೆಗಳು ನನ್ನ ಮಗಳ ಮದುವೆಯ ಹಂದರವನ್ನು ತಿಂದವು. 'ನಿಮ್ಮ' ಎಂದದ್ದಕ್ಕೆ ಸಿಟ್ಟಾಗಬೇಡಿ. ಕಾಡು ಸರಕಾರದ್ದು, ಅದರೊಳಗಿನ ಪ್ರಾಣಿಯೂ ಸರಕಾರದ್ದು ಎಂದು ಊರ ಮುಂದೆ ಫಲಕ ನಿಲ್ಲಿಸಿದವರು ನೀವೇ. ಆದರೆ ನಾನು ಆನೆಗಳ ಮೇಲೆ ದೂರು ಕೊಡುತ್ತಿಲ್ಲ. ಹಸಿದವರು ಹಂದರ ಕಂಡರೆ ಒಳಗೆ ಬರುತ್ತಾರೆ, ಅದು ಲೋಕರೂಢಿ. ಗುಡ್ಡದ ಮೇಲೆ ಅವುಗಳಿಗೆ ತಿನ್ನಲು ಏನೂ ಉಳಿಯದಂತೆ ಮಾಡಿದವರ ಮೇಲೆ ನನ್ನ ದೂರು. ಅದನ್ನು ವಿಚಾರಿಸಬೇಕಾದವರೂ ತಾವೇ ಆಗಿರುವುದು ನನ್ನ ದುರ್ದೈವ.

ನಾನು ಮುಂಡಗೋಡ ತಾಲೂಕಿನ ಇಂದೂರಿನ ಆಚೆ, ಗುಡ್ಡದ ಬುಡದಲ್ಲಿರುವ ಸಣ್ಣ ಊರಿನವನು. ಮುಂಡಗೋಡದಲ್ಲಿ ನನ್ನದೊಂದು ಫರ್ನಿಚರ್ ಅಂಗಡಿಯಿದೆ. ಸಾಗವಾನಿಯ ಮಂಚ, ಸಾಗವಾನಿಯ ಕಪಾಟು ಮಾಡಿಯೇ ಮನೆ ಕಟ್ಟಿಸಿದ್ದೇನೆ, ಮಗಳನ್ನು ಓದಿಸಿದ್ದೇನೆ. ಹಾಗಾಗಿ, ಸಾಗವಾನಿಯ ವೈರಿ ಬರೆದ ಪತ್ರವಿದು ಎಂದು ಇದನ್ನು ಪಕ್ಕಕ್ಕಿಡುವ ಸೌಲಭ್ಯ ತಮಗಿಲ್ಲ.

ಆದರೂ ಒಂದು ಮಾತು ಕೇಳುತ್ತೇನೆ. ನಮ್ಮ ಗುಡ್ಡದಲ್ಲಿ ಸಾಗವಾನಿ ಬಿಟ್ಟು ಬೇರೇನೂ ಇರಬಾರದೆಂದು ಯಾವ ದೇವರು ತಮಗೆ ಕನಸಿನಲ್ಲಿ ಬಂದು ಹೇಳಿದ? ಶಾಲೆಯ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದಂತೆ ಸಾಲಾಗಿ ಸಾಗವಾನಿ ನಿಂತಿದೆ. ನಡುವೆ ನೆಲ್ಲಿ ತಲೆಯೆತ್ತಿದರೆ ಕಳೆ, ನೇರಳೆ ಎದ್ದರೆ ಕಳೆ. ಹಳ್ಳದ ದಂಡೆಯ ಹಳೆಯ ಬಿದಿರು ಹೂಬಿಟ್ಟು ಸತ್ತ ಮೇಲೆ ಉದುರಿದ ಬೀಜದಿಂದ ನೆಲ ತುಂಬ ಸಸಿ ಎದ್ದವು. ಅವನ್ನೂ ಕಳೆಯೆಂದು ಪ್ರತಿವರ್ಷ ಸವರಿಸುತ್ತ ಬಂದಿರಿ. ಯಾರೂ ಗುಂಡಿ ತೋಡದೆ, ಯಾರೂ ಫೋಟೊ ತೆಗೆಸಿಕೊಳ್ಳದೆ ತಾನಾಗಿ ಹುಟ್ಟಿದ ಗಿಡ ಇಲಾಖೆಯ ಕಣ್ಣಿಗೆ ಗಿಡವಲ್ಲವೇ?

ಈಗ ಮದುವೆಯ ವಿಷಯ. ಮಗಳು ಸಹನಾಳನ್ನು ಹಳಿಯಾಳದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಈರೇಶನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಕಾರ್ತಿಕದ ಕೊನೆಯಲ್ಲಿ ಮದುವೆ. ಹಿಂದಿನ ದಿನ ಅರಿಷಿಣ. ಹಂದರದ ಕಂಬಗಳಿಗೆ ಗೊನೆ ಸಮೇತ ಬಾಳೆ, ಜೊತೆಗೆ ಕಬ್ಬು ಕಟ್ಟಿಸಿದ್ದೆ. ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ ನೋಡಿ. ಹೊತ್ತು ಮುಳುಗುವ ಸುಮಾರಿಗೆ, ಅರಿಷಿಣ ಹಚ್ಚಿಕೊಂಡೇ ಹೊರಟಿದ್ದ ಈರೇಶನ ಜೊತೆ ಬೀಗರ ಗಾಡಿಗಳು ಬಂದವು. ಚಹಾ ಕುಡಿದು ಮುಗಿಸುವಷ್ಟರಲ್ಲಿ, ಕಾಡಿನ ಕಡೆಯಿಂದ ಒಂದು ಹೆಣ್ಣಾನೆ, ಅದರ ಮರಿ, ಹಿಂದೆ ಇನ್ನೊಂದು ಆನೆ ನೇರವಾಗಿ ಹಂದರಕ್ಕೆ ಬಂದವು.

ಬೀಗರು ಮನೆಯೊಳಗೆ ಓಡಿದರು. ಅಂಗಳದ ಮಗ್ಗುಲಿಗೇ ಇರುವ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ ನನ್ನ ಹೆಂಡತಿ ದಾನೇಶ್ವರಿಯೂ ನೆರೆಮನೆಯ ಗುಲ್ಶನ್‌ಳೂ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದರು. ಅವರಿಗೂ ಆನೆಗೂ ನಡುವೆ ಒಂದು ಮೋಟುಗೋಡೆ ಮಾತ್ರ.

"ಅಕ್ಕಾ, ಓಡೂಣೇನು?" ಎಂದಳು ಗುಲ್ಶನ್.

"ಹಂಗ ಕುಂದರವಾ. ಓಡಿದ್ರ ಬೆನ್ನ ಹತ್ತತೈತಿ. ಹೆಚ್ಚು, ಹೆಚ್ಚು," ಎಂದಳು ದಾನೇಶ್ವರಿ.

ಹೆಚ್ಚಿದರು, ಮಾನ್ಯರೇ. ಕಣ್ಣಲ್ಲಿ ನೀರು ಉಳ್ಳಾಗಡ್ಡಿಗೆ ಬಂತೋ ಭಯಕ್ಕೆ ಬಂತೋ ಇಬ್ಬರೂ ಇವತ್ತಿಗೂ ಹೇಳುವುದಿಲ್ಲ. ಆನೆಗಳು ಬಾಳೆ ಮುಗಿಸಿ ಕಬ್ಬಿಗೆ ಸೊಂಡಿಲು ಹಾಕಿದವು. ಮರಿಯಂತೂ ಮಾವಿನ ತೋರಣವನ್ನು ಕೊರಳಿಗೆ ಸುತ್ತಿಕೊಂಡು ತಾನೇ ಮದುಮಗನೆಂಬ ಹಾಗೆ ನಿಂತಿತು. ಕಿಟಕಿಯಿಂದ ಇಣುಕಿದ ಸಹನಾ ಅಷ್ಟೊಂದು ಹೆದರಿಕೆಯಲ್ಲೂ ನಕ್ಕಳು. ಸುಮ್ಮನಿದ್ದಿದ್ದರೆ ಅವು ಉಂಡು ಹೋಗುತ್ತಿದ್ದವೇನೋ. ಆದರೆ ಈರೇಶನ ಸೋದರಮಾವನವರಿಗೆ ಶೌರ್ಯ ಉಕ್ಕಿತು. ಮೆರವಣಿಗೆಗೆಂದು ತಂದಿದ್ದ ಪಟಾಕಿ ಸರಕ್ಕೆ ಕಡ್ಡಿ ಗೀರಿ ಅಂಗಳಕ್ಕೆ ಎಸೆದೇಬಿಟ್ಟರು.

ತಾಯಿ ಆನೆ ಘೀಳಿಟ್ಟು ಮರಿಯನ್ನು ನೂಕಿಕೊಂಡು ಹಿತ್ತಲ ಕಡೆಗೆ ತಿರುಗಿತು. ಮೋಟುಗೋಡೆ ಉರುಳಿತು. ದಾನೇಶ್ವರಿ ಪಕ್ಕಕ್ಕೆ ಬಿದ್ದಳು. ಗುಲ್ಶನ್‌ಳ ಕಾಲು ಕಲ್ಲುಗಳ ಕೆಳಗೆ ಸಿಕ್ಕಿತು. ಆನೆಗಳು ಗದ್ದೆಗೆ ಇಳಿಯುವ ಮೊದಲೇ, ಮೈತುಂಬ ಅರಿಷಿಣ ಬಳಿದುಕೊಂಡಿದ್ದ ಈರೇಶ ಓಡಿಬಂದು ಕಲ್ಲು ಎತ್ತತೊಡಗಿದ. ಹಿಂದಿನಿಂದ ಗುಲ್ಶನ್‌ಳ ಗಂಡ, ಮೆಕ್ಯಾನಿಕ್ ಪೀರಸಾಬ ಬಂದ. ಹೆಂಡತಿಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ, ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವಾಗ, "ಅಣ್ಣಾರ, ಅಳಿಯಾ ಚೊಲೊ ಸಿಕ್ಕಾನ್ರಿ," ಎಂದ.

ಗುಲ್ಶನ್‌ಳ ಕಾಲಿನ ಎಲುಬು ಮುರಿದಿತ್ತು. ಮದುವೆ ಮುಂದಕ್ಕೆ ಹಾಕೋಣವೆಂದು ನಾನು ಬೀಗರ ಹತ್ತಿರ ಮಾತೆತ್ತಿದ್ದು ಅದು ಹೇಗೋ ಅವಳಿಗೆ ಮುಟ್ಟಿತು. ಆಸ್ಪತ್ರೆಯಿಂದಲೇ ಫೋನು ಮಾಡಿದಳು: "ನನ್ನ ಸಲುವಾಗಿ ಹುಡಿಗಿ ಮದುವಿ ನಿಲ್ಲಿಸಿದ್ರ ನಾ ಊರಿಗೆ ಬರಾಂಗಿಲ್ಲ ನೋಡ್ರಿ." ಹೀಗಾಗಿ ಮರುದಿನ, ಹಂದರವಿಲ್ಲದ ಅಂಗಳದಲ್ಲಿ, ಬರಿಯ ಆಕಾಶದ ಕೆಳಗೆ ಅಕ್ಷತೆ ಬಿತ್ತು. ತಾಳಿ ಕಟ್ಟುವಾಗ ದಾನೇಶ್ವರಿ ಪಕ್ಕದಲ್ಲಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದಳು.

ತಮ್ಮ ಸಿಬ್ಬಂದಿ ಬಂದರು, ನೊಂದುಕೊಂಡರು. ಕಂದಕ ತೋಡಿಸುತ್ತೇವೆ, ಸೋಲಾರ್ ಬೇಲಿ ಹಾಕಿಸುತ್ತೇವೆ ಎಂದರು. "ಬೇಲಿ ಸರಿ, ಒಳಗ ಅವು ತಿನ್ನೂದೇನ್ರಿ?" ಎಂದು ಪೀರಸಾಬ ಕೇಳಿದ. "ಅದು ಪ್ಲ್ಯಾನ್‌ನ್ಯಾಗ ಇಲ್ರಿ," ಎಂಬ ಉತ್ತರ ಬಂತು. ಎಂಥ ಪ್ರಾಮಾಣಿಕ ಉತ್ತರ! ಇಡೀ ಇಲಾಖೆಯಲ್ಲಿ ನಾನು ಕೇಳಿದ ಅತ್ಯಂತ ನಿಜವಾದ ವಾಕ್ಯ ಅದು.

ಹಾಗಾದರೆ ಪ್ಲ್ಯಾನ್ ಬದಲಿಸಿ, ಮಾನ್ಯರೇ. ಸಾಗವಾನಿ ಕಿತ್ತೊಗೆಯಿರಿ ಎನ್ನುತ್ತಿಲ್ಲ. ಬಲಿತ ಮರವನ್ನು ಇಲ್ಲೊಂದು ಅಲ್ಲೊಂದು ತೆಗೆಯಿರಿ, ಗುಡ್ಡವನ್ನು ಬೋಳಿಸಬೇಡಿ. ತೆರವಾದಲ್ಲಿ ಬೆಳಕು ಬಿದ್ದು ಮತ್ತಿ, ನೆಲ್ಲಿ, ನೇರಳೆ, ಬಿದಿರು ತಾವಾಗಿ ಬಂದರೆ ಬರಲಿ ಬಿಡಿ. ಮುದಿಮರ ಬಿದ್ದರೆ ಅಲ್ಲೇ ಕೊಳೆಯಲಿ. ಒಂದೇ ಕಾಡು ಮರಗೆಲಸಕ್ಕೆ ನಾಟಾ ಕೊಡಬಲ್ಲದು, ಹಳ್ಳದ ನೀರು ಹಿಡಿದಿಡಬಲ್ಲದು, ಜೇನು ಕೊಡಬಲ್ಲದು, ದನಕ್ಕೆ ಮೇವು, ಆನೆಗೆ ಊಟ ಕೊಡಬಲ್ಲದು. ಇಷ್ಟೆಲ್ಲ ಬಲ್ಲ ಕಾಡಿಗೆ ತೊಲೆ ಹೊರುವ ಒಂದೇ ಕೆಲಸ ಕೊಟ್ಟು ಕೂರಿಸಿದ್ದೀರಲ್ಲ! ಹೀಗೆ ಮಾಡಿದರೆ ಸಾಗವಾನಿ ಕಡಿಮೆ ಸಿಕ್ಕೀತು, ನನ್ನ ಅಂಗಡಿಗೇ ಮೊದಲ ಪೆಟ್ಟು. ಗೊತ್ತಿದೆ. ಮತ್ತಿಯ ಮೇಜು ಮಾಡುತ್ತೇನೆ. ಬಣ್ಣ ಕಪ್ಪಾಯಿತೆಂದು ಗಿರಾಕಿ ಮುಖ ಸಿಂಡರಿಸಿದರೆ ಸಮಾಧಾನ ಹೇಳುವ ಹೊಣೆ ನನ್ನದು.

ಈ ಪತ್ರಕ್ಕೆ ಅವಸರವೂ ಇದೆ. ಹೋಳಿ ಹುಣ್ಣಿಮೆ ಕಳೆದದ್ದೇ ತಡ, ಬಿದಿರು ಸಸಿ ಸವರಲು ಆಳುಗಳು ಕುಡಗೋಲು ಹಿಡಿದು ಹಳ್ಳದ ದಂಡೆಗೆ ಬಂದರು. ಸುದ್ದಿ ತಿಳಿದ ಗುಲ್ಶನ್ ಊರುಗೋಲು ಊರುತ್ತ ಹೋಗಿ, ಪೀರಸಾಬ ಹೊತ್ತು ತಂದ ಪ್ಲಾಸ್ಟಿಕ್ ಕುರ್ಚಿಯನ್ನು ಸಸಿಗಳ ನಡುವೆ ಹಾಕಿಸಿ ಕೂತುಬಿಟ್ಟಳು. "ಮೊದಲ ನನ್ನ ಸವರ್ರಿ, ಆಮ್ಯಾಲ ಬಿದಿರ," ಎಂದಳು. ಪಕ್ಕದಲ್ಲಿ ದಾನೇಶ್ವರಿ ಕೂತಳು. ಆಮೇಲೆ ಅರ್ಧ ಊರು. ತಮ್ಮ ಗಾರ್ಡ್ ಒಳ್ಳೆಯ ಮನುಷ್ಯ. ನಾವು ಕೊಟ್ಟ ಚಹಾ ಕುಡಿದು, "ಸಾಹೇಬ್ರು ಬ್ಯಾಡ ಅಂತ ಬರದ ಕೊಟ್ರ ನಾನೂ ಮನಿಗೆ ಹೋಗತೇನ್ರಿ," ಎಂದಿದ್ದಾರೆ.

ಆ ಆದೇಶ ಬರೆಯಿರಿ. ಹಳ್ಳದ ದಂಡೆಯ ಸಸಿಗಳನ್ನು ಮುಟ್ಟಬಾರದೆಂದು ಬರೆಯಿರಿ. ಮುಂದಿನ ಕಾರ್ಯಯೋಜನೆಯನ್ನು ಊರಿನವರ ಜೊತೆ ಕೂತು, ಗುಡ್ಡ ಹತ್ತಿ ನೋಡಿ ಮಾಡುತ್ತೇವೆಂದೂ ಬರೆಯಿರಿ. ತಾವೇ ಬಂದರೆ ಇನ್ನೂ ಸಂತೋಷ. ಕುರ್ಚಿ ಒಂದೇ ಇದೆ, ಅದನ್ನು ಗುಲ್ಶನ್ ಬಿಟ್ಟುಕೊಡುವುದಿಲ್ಲ. ತಮಗೆ ಕಂಬಳಿ ಹಾಸುತ್ತೇವೆ.

ಇಂತಿ,
ಅಂಗಡಿಗೆ ಬೀಗ ಜಡಿದು, ಮೊಣಕಾಲೆತ್ತರದ ಬಿದಿರನ್ನು ತಮ್ಮಿಂದಲೇ ಕಾಯುತ್ತ ಕೂತಿರುವ,
ಶಂಕ್ರಪ್ಪ ಬಡಿಗೇರ