ಎಡಗಂಬದ ಕೆಳಗಿನ ಮೂರು ಚಕ್ಕೆ

ಗಜೇಂದ್ರಗಡದ ಸಮಸ್ತ ನೇಕಾರ ಬಂಧುಗಳೇ, ಬದುಕಿರುವ ಬುದ್ಧಿವಂತರೇ, ಸತ್ತರೂ ಸುಮ್ಮನಿರದ ಹಿರಿಯರೇ, ನಮ್ಮ ಮಗ್ಗದ ಸ್ಥಿತಿಗತಿಯನ್ನು ಸಭೆಯ ಮುಂದಿಡಲು ಅಪ್ಪಣೆಯಾಗಲಿ. ಸಭೆ ಎಂದರೆ ನೀನೊಬ್ಬನೇ, ತೀರ್ಥರೂಪನೂ ತೀರಿಹೋದವನೂ ಆದ ನನ್ನ ಅಪ್ಪಾ. ಬೇರೆ ಯಾರೂ ನನ್ನ ಭಾಷಣ ಕೇಳುವುದಿಲ್ಲ.

ಬಿ.ಎ. ಮುಗಿಸಿ ಬಂದ ವರ್ಷ ನೀನು ನನ್ನನ್ನು ಮಗ್ಗದ ಕುಣಿಗೆ ಇಳಿಸಿದ್ದು ನೆನಪಿದೆಯೇ? ನಿನಗೆ ಹಗ್ಗ ಬಿಗಿಯುವ ಹುಚ್ಚು, ನನಗೆ ಪ್ರಾಸ ಬಿಗಿಯುವ ಹುಚ್ಚು. ಬೇಸಿಗೆಯಲ್ಲಿ ಹಾಸಿನ ಎಳೆಗಳನ್ನು ಎಳೆದು ಹಿಡಿಯುವ ಹಗ್ಗಕ್ಕೆ ಅರ್ಧ ಸುತ್ತು ಹೆಚ್ಚು, ಎಳೆಗಳ ಕೆಳಗೆ ಒಂದು ಹಸಿ ಅರಿವೆ. ಮಳೆಗಾಲದಲ್ಲಿ ಅದೇ ಅರ್ಧ ಸುತ್ತು ಸಡಿಲ. ಎಡಗಂಬದ ಕೆಳಗೆ ಮಾತ್ರ ವರ್ಷವಿಡೀ ಮೂರು ಜಾಲಿ ಚಕ್ಕೆ. ಮೂರೇ ಏಕೆಂದು ಕೇಳಿದರೆ, "ನಾಕ ಇಟ್ರ ಮಗ್ಗ ಅಳತೈತಿ, ಎರಡಿಟ್ರ ಗೊಣಗತೈತಿ" ಎನ್ನುತ್ತಿದ್ದೆ ನೀನು. ಬಿ.ಎ.ಯಲ್ಲಿ ಈ ಪಾಠವಿರಲಿಲ್ಲ.

ಈಗ ಆ ಚಕ್ಕೆಗಳಿಲ್ಲ. ನೀನು ಹೋದ ಮೇಲೆ ದಿನ ಮಾಡುವಾಗ ಮನೆ ತೊಳೆದವರು ಎಸೆದರೆಂದು ಓಣಿಗೆಲ್ಲ ಹೇಳಿದ್ದೇನೆ. ಹೊಸವನ್ನು ಕೆತ್ತಿಟ್ಟೆ, ಕೆರೆದೆ, ನಡುವೆ ಹಳೆಯ ಪೋಸ್ಟ್ ಕಾರ್ಡನ್ನೂ ಮಡಚಿ ತುರುಕಿದೆ. ಎಷ್ಟು ದಪ್ಪವಿತ್ತೆಂದು ನಿನ್ನ ಬೆರಳಿಗಷ್ಟೇ ಗೊತ್ತಿತ್ತಲ್ಲ... ಸೀರೆಯ ಎಡ ದಡಿ ಒಣಗಿದ ಹಪ್ಪಳದ ಅಂಚಿನಂತೆಯೇ ಏಳುತ್ತದೆ.

ಮೊನ್ನೆ ನೂಲು ಕೊಡುವ ಮಾಲಕರು ಮೂರನೆಯ ಸೀರೆಯನ್ನೂ ಮಡಚಿ ನನ್ನ ಕೈಗಿಟ್ಟರು. "ನಿಮ್ಮಪ್ಪ ಇದ್ದಾಗ ಕಣ್ಣ ಮುಚ್ಚಿ ತಗೋತಿದ್ವಿ. ಇನ್ನ ನೂಲ ಕೊಡಾಕ ಆಗಂಗಿಲ್ಲ, ತಮ್ಮಾ."

"ಈಗೂ ಕಣ್ಣ ಮುಚ್ಚಿದ್ರ ಚಲೋನ ಕಾಣತೈತ್ರಿ" ಎಂದೆ. ಅವರು ನಗಲಿಲ್ಲ.

ಸೋಮವಾರ ಮಗ್ಗ ಬಿಚ್ಚುತ್ತೇವೆ. ಕುಣಿ ಮುಚ್ಚಲು ನಿನ್ನ ಸೊಸೆ ಮಣ್ಣು ಹೇಳಿಟ್ಟಿದ್ದಾಳೆ. ಅಲ್ಲಿ ಹೊಲಿಗೆ ಯಂತ್ರ ಇಡುತ್ತಾಳಂತೆ. ನಾನೇನು ಇಡಲಿ?

ಗದಗಿನ ದವಾಖಾನೆಯಿಂದ ನೀನು ಮರಳಿದ ಸಂಜೆ ಪಡಸಾಲೆಯಲ್ಲಿ ಮಲಗಿ, ನಾನು ನೇಯುವುದನ್ನು ಕೇಳಿಸಿಕೊಳ್ಳುತ್ತಿದ್ದೆ. "ಸಪ್ಪಳ ಬ್ಯಾರೆ ಆಗೇತಲ್ಲೋ" ಎಂದೆ ನೀನು. "ನಿನ್ನ ಕಿವಿ ಬ್ಯಾರೆ ಆಗ್ಯಾವ, ಅಪ್ಪಾ" ಎಂದೆ ನಾನು. ನೀನು ಮೆಲ್ಲಗೆ ಕಿವಿ ಮುಟ್ಟಿ ನೋಡಿಕೊಂಡೆ. ಆಮೇಲೆ ಕಣ್ಣು ಮುಚ್ಚುವವರೆಗೂ ಮಗ್ಗದ ಮಾತೆತ್ತಲಿಲ್ಲ.

ಸಾಕು ಸಭೆ, ಸಾಕು ಪ್ರಾಸ. ಮನೆ ತೊಳೆದವರು ಏನನ್ನೂ ಎಸೆದಿಲ್ಲ. ನೀನು ದವಾಖಾನೆಯಲ್ಲಿದ್ದಾಗ ನಾನು ರೋಣದಿಂದ ಬಡಿಗನನ್ನು ಕರೆಸಿದೆ. ಓರೆಕೋರೆ ತೋರಿಸುವ ರಸಮಟ್ಟ ಇಡಿಸಿ ನೋಡಿ, ಮಗ್ಗ ವಾಲಿದೆಯೆಂದು ಆ ಮೂರೂ ಚಕ್ಕೆಗಳನ್ನು ತೆಗೆಸಿ ನಾನೇ ಒಲೆಗೆ ಹಾಕಿದೆ.

ನಿನ್ನ ಕಿವಿ ಸರಿಯಾಗಿಯೇ ಇತ್ತು, ಅಪ್ಪಾ.